ನಿಮ್ಮ ಕಾರ್ಡು ಯಾರ ಕೈಯಲ್ಲಿದೆ?

ಆ ಲಾಂಡ್ರಿಯ ಬಾಗಿಲು ದಾಟಿದ ಕೂಡಲೇ ಬಲಗಡೆ ಗೋಡೆಗೆ ಒಂದು ಹಸಿರು ಬೋರ್ಡು. ಬೋರ್ಡಿನ ತುಂಬ ಮೊಳೆ, ಮೊಳೆಗೊಂದು ಕಾರ್ಡು, ಕಾರ್ಡಿಗೊಂದು ಹೆಸರು. ಕೆಲಸಕ್ಕೆ ಬಂದವರು ತಮ್ಮ ಕಾರ್ಡನ್ನು ಪಕ್ಕದ ಮೆಷಿನ್ನಿಗೆ ಮುಟ್ಟಿಸಬೇಕು. ಟಿಂಗ್ ಎಂದರೆ ಬಂದ ಹಾಗೆ, ಇನ್ನೊಂದು ಟಿಂಗ್ ಎಂದರೆ ಹೋದ ಹಾಗೆ. ವ್ಯವಹಾರ ಇಷ್ಟಕ್ಕೇ ನಿಂತಿದ್ದರೆ ನಾನು ಈ ಕಥೆ ಹೇಳಬೇಕಾಗಿರಲಿಲ್ಲ, ನೀವು ಕೇಳಬೇಕಾಗಿರಲಿಲ್ಲ. ಆದರೆ ಅಲ್ಲಿ ಒಂದು ರೂಢಿ ಬೆಳೆದಿತ್ತು. ಒಬ್ಬರ ವಾರದ ಗಂಟೆಗಳು ಮುಗಿದುಹೋದರೆ, ಮೊಳೆಯಲ್ಲಿ ನೇತಾಡುವ ಇನ್ನೊಬ್ಬರ ಕಾರ್ಡು ತೆಗೆದು ಟಿಂಗ್ ಅನ್ನಿಸಿ ಕೆಲಸಕ್ಕೆ ನಿಲ್ಲುವುದು. ಅದಕ್ಕೆ ಅವರಿಟ್ಟ ಹೆಸರು ‘ಅಡ್ಜಸ್ಟ್‌ಮೆಂಟ್’.

ಅಲ್ಲಿ ದುಡಿಯುವವರಲ್ಲಿ ಮುಕ್ಕಾಲು ಪಾಲು ಓದಲಿಕ್ಕೆಂದು ಪರದೇಶದಿಂದ ಬಂದ ಮಕ್ಕಳು. ಅವರಲ್ಲೊಬ್ಬಳು ಕಡ್ಡಿ. ಸಣಕಲಿ ಎಂದು ಮನೆಯಲ್ಲಿಟ್ಟ ಅಡ್ಡಹೆಸರು ಅದು. ಮಾತೂ ಕಡ್ಡಿ ಮುರಿದ ಹಾಗೇ ಇದ್ದದ್ದರಿಂದ ಹೆಸರು ಗಟ್ಟಿಯಾಗಿ ಕೂತುಬಿಟ್ಟಿತು. ಹೋಟೆಲುಗಳ ಹಾಸಿಗೆ ಚಾದರಗಳು ಒಗೆತ ಮುಗಿಸಿ ಬಿಸಿ ರೋಲರಿನಿಂದ ಹೊರಗೆ ಬಂದಾಗ ಅವನ್ನು ಮಡಚುವುದು ಅವಳ ಕೆಲಸ. ಒಬ್ಬರಿಂದ ಆಗುವಂಥದ್ದಲ್ಲ, ಇಬ್ಬರು ಎದುರುಬದುರು ನಿಂತು ನಾಲ್ಕು ಮೂಲೆ ಹಿಡಿಯಬೇಕು. ಅವಳ ಜೋಡಿ ಗುಬ್ಬಿ, ಅದೇ ಕಾಲೇಜಿನ ಹುಡುಗಿ. ಹತ್ತು ಚಾದರದ ಒಂದು ಕಟ್ಟು ಮುಗಿದರೆ ಅದಕ್ಕೊಂದು ಚೀಟಿ ಸಿಕ್ಕಿಸಿ ಇಬ್ಬರೂ ಸಹಿ ಹಾಕಬೇಕು. ಕಲೆ ಉಳಿದಿದೆ ಎಂದು ಹೋಟೆಲಿನವರು ವಾಪಸ್ ಕಳಿಸಿದರೆ ಯಾರನ್ನು ಬೈಯಬೇಕೆಂದು ಗೊತ್ತಾಗಬೇಕಲ್ಲ. ಚೀಟಿಯ ನಕಲು, ತಾರೀಖಿನ ಸಮೇತ, ಪುಸ್ತಕದಲ್ಲೇ ಉಳಿಯುತ್ತಿತ್ತು. ಈ ಚೀಟಿಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಲಾಂಡ್ರಿಯ ಉಸ್ತುವಾರಿಯೂ ಕನ್ನಡದವನೇ. ಎಲ್ಲರೂ ಅವನನ್ನು ಮಾವ ಎನ್ನುತ್ತಿದ್ದರು. ಹೊಸದಾಗಿ ಬಂದವರಿಗೆ ಬೆಚ್ಚನೆಯ ಜಾಕೆಟ್ಟು ಕೊಡಿಸುತ್ತಿದ್ದ, ರೂಮು ಹುಡುಕಿ ಕೊಡುತ್ತಿದ್ದ, ಜ್ವರ ಬಂದರೆ ಮಾತ್ರೆ ತಂದುಕೊಡುತ್ತಿದ್ದ. ಅದರಲ್ಲಿ ಸುಳ್ಳಿಲ್ಲ. ಆದರೆ ಕೊಟ್ಟದ್ದನ್ನೆಲ್ಲ ನೆನಪಿಟ್ಟುಕೊಂಡು, ತನಗೆ ಬೇಕಾದಾಗ “ಮಾವನಿಗೋಸ್ಕರ ಇಷ್ಟೂ ಮಾಡಲ್ವಾ?” ಎನ್ನುತ್ತಿದ್ದ. ಮಾವ ಎಂದು ಕರೆದ ಬಾಯಲ್ಲಿ ಇಲ್ಲ ಎನ್ನುವುದು ಎಷ್ಟು ಕಷ್ಟವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಕಡ್ಡಿ ತನ್ನ ಅಣ್ಣನ ಜೊತೆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದಳು. ಅವಳಿಗಿಂತ ಮೊದಲು ಅಣ್ಣನೂ ಅದೇ ಲಾಂಡ್ರಿಯಲ್ಲಿ ಚಾದರ ಮಡಚಿದವನೇ. ಅವನ ಓದು ಮುಗಿದು ಎರಡು ತಿಂಗಳಾಗಿತ್ತು. ಸೇತುವೆ ಕಟ್ಟುವ ಕಂಪನಿಯೊಂದು ಅವನನ್ನು ಕೆಲಸಕ್ಕೆ ತೆಗೆದುಕೊಳ್ಳಲು ಒಪ್ಪಿತ್ತು. ಓದು ಮುಗಿಸಿದವರು ಹಾಗೆ ಸೇರಬೇಕಾದರೆ ಬೇರೆಯೇ ಅನುಮತಿ ಪತ್ರ ಬೇಕು, ಅದಕ್ಕೆ ಅರ್ಜಿ ಹಾಕಿ ಕಾಯುತ್ತಿದ್ದ. ಆ ಪತ್ರ ಕೈಗೆ ಬರುವ ತನಕ ಒಂದು ಗಂಟೆಯೂ ಕೆಲಸ ಮಾಡುವಂತಿಲ್ಲ ಎಂದು ಅವನ ಕಾಗದದಲ್ಲಿ ಸ್ಪಷ್ಟವಾಗಿತ್ತು. ಪಾಪ, ಅವನು ಲಾಂಡ್ರಿಯ ಕಡೆ ತಲೆ ಹಾಕಿಯೂ ಮಲಗಲಿಲ್ಲ. ಮನೆಯಲ್ಲೇ ಕೂತು ಅಡುಗೆ ಮಾಡಿದ, ಕಿಟಕಿ ಒರೆಸಿದ, ತಂಗಿಯ ಕಾಲುಚೀಲಕ್ಕೂ ಇಸ್ತ್ರಿ ಹಾಕಿದ.

ಆದರೆ ಅವನ ಕಾರ್ಡು ಮಾತ್ರ ಮೊಳೆಯಲ್ಲೇ ಉಳಿದಿತ್ತು. ಕಡ್ಡಿಗೆ ಕಾಲೇಜು ನಡೆಯುವ ದಿನಗಳಲ್ಲಿ ವಾರಕ್ಕೆ ಇಪ್ಪತ್ತು ಗಂಟೆ ಮಾತ್ರ ದುಡಿಯಲು ಅವಕಾಶ. ಇಪ್ಪತ್ತು ಮುಗಿದ ದಿನ ಮಾವನೇ ಅಣ್ಣನ ಕಾರ್ಡು ತೆಗೆದು ಅವಳ ಕೈಗಿಟ್ಟಿದ್ದ. ಅಣ್ಣನದೇ ತಾನೇ, ಬೇರೆಯವರದ್ದೇನಲ್ಲವಲ್ಲ, ಎಂದಿದ್ದ. ಹಾಗೆ ಆರು ವಾರ, ವಾರಕ್ಕೆರಡು ಪಾಳಿ. ಆ ಸಂಬಳ ಅಣ್ಣನ ಬ್ಯಾಂಕಿಗೆ ಬಂತು, ಮನೆ ಬಾಡಿಗೆಗೆ ಹೋಯಿತು. ಅಣ್ಣ ತಂಗಿ ಇಬ್ಬರೂ ಪರೀಕ್ಷೆಯಲ್ಲಿ ಮೊದಲ ಸಾಲಿನವರು. ಇಬ್ಬರ ತಲೆಗೂ ಇದರಲ್ಲೊಂದು ತಪ್ಪಿದೆ ಎಂದು ಹೊಳೆಯಲಿಲ್ಲ.

ಒಂದು ಮಂಗಳವಾರ ವೀಸಾ ಕಚೇರಿಯಿಂದ ಅಣ್ಣನಿಗೆ ಪತ್ರ ಬಂತು. ಓದು ಮುಗಿದ ಮೇಲೆ ಎಲ್ಲಾದರೂ ಕೆಲಸ ಮಾಡಿದ್ದೀರಾ, ಹಿಂದಿನ ಮಾಲೀಕರಿಂದ ಪತ್ರ ತಂದು ಹದಿನಾಲ್ಕು ದಿನದೊಳಗೆ ತಿಳಿಸಿ, ಎಂದು ಅದರಲ್ಲಿತ್ತು. ಅಣ್ಣ ನೆಮ್ಮದಿಯಾಗಿಯೇ ಮಾವನ ಹತ್ತಿರ ಹೋದ. ವಾಪಸ್ ಬಂದಾಗ ಅವನ ಮುಖ ಇಷ್ಟೇ ಇಷ್ಟಾಗಿತ್ತು. ಓದು ಮುಗಿದ ಮೇಲೆ ಇವನು ಲಾಂಡ್ರಿಗೆ ಕಾಲಿಟ್ಟೇ ಇಲ್ಲ ಎಂದು ಬರೆದುಕೊಡಲು ಮಾವ ಒಪ್ಪಿದ್ದ. ಆದರೆ ಹೊಸ ಹೋಟೆಲೊಂದರ ಬಟ್ಟೆ ಬರಲಿದೆ, ನಿನ್ನ ತಂಗಿಯನ್ನು ಎರಡು ವಾರ ದಿನವೂ ಕಳಿಸು, ಅವಳು ಬಂದು ನಿಂತ ದಿನ ಪತ್ರ ಕೊಡುತ್ತೇನೆ, ಎಂದಿದ್ದ. ಗಂಟೆ ಮೀರುತ್ತದಲ್ಲ ಎಂದರೆ, ಬೋರ್ಡಿನಲ್ಲಿ ಕಾರ್ಡಿಗೇನು ಬರವೇ ಎಂದು ನಕ್ಕಿದ್ದ.

ಕಡ್ಡಿ ತಟ್ಟೆ ತೊಳೆಯುತ್ತಿದ್ದವಳು ನಲ್ಲಿ ನಿಲ್ಲಿಸಿದಳು. ಮುಂದಿನ ತಿಂಗಳು ಅವಳಿಗೆ ಪರೀಕ್ಷೆ. ಅದಕ್ಕಿಂತ ಹೆಚ್ಚಾಗಿ, ಪತ್ರವನ್ನು ಹೀಗೆ ಕೈಯಲ್ಲಿಟ್ಟುಕೊಂಡು ಕುಣಿಸುತ್ತಾನಲ್ಲ ಎಂದು ಅವಳಿಗೆ ಮೈಯೆಲ್ಲ ಉರಿಯಿತು.

“ನಾನು ಹೋಗಲ್ಲ,” ಎಂದಳು.

ಅಣ್ಣ ಯಾವತ್ತೂ ದನಿ ಎತ್ತದವನು, ಅವತ್ತು ಎತ್ತಿದ. ಎರಡು ವಾರದ ಮಾತು, ಅಷ್ಟೂ ಆಗುವುದಿಲ್ಲವೇ, ಲಾಂಡ್ರಿಯಲ್ಲಿ ಎಲ್ಲರೂ ಮಾಡುವುದೇ, ಯಾರಿಗೆ ಏನಾಗಿದೆ, ಎಂದೆಲ್ಲ ಕೂಗಾಡಿದ. ಕೊನೆಗೆ, “ನಿನ್ನ ಹಟಕ್ಕೆ ನನ್ನ ಕೆಲಸ ಹೋಗ್ಬೇಕಾ?” ಎಂದು ಕೋಣೆಯ ಬಾಗಿಲು ಹಾಕಿಕೊಂಡ. ಕಡ್ಡಿಗೆ ಅಳು ಬಂತು. ಅಳುತ್ತಲೇ ಉಳಿದ ತಟ್ಟೆಗಳನ್ನೂ ತೊಳೆದಿಟ್ಟಳು.

ಮಾರನೆಯ ದಿನ ಕಾಲೇಜಿನಿಂದ ಬರುವಾಗ ಬಸ್ಸಿನಲ್ಲಿ ಅಮ್ಮನ ಫೋನು. ಅಣ್ಣ ಆಗಲೇ ಎಲ್ಲ ಹೇಳಿಬಿಟ್ಟಿದ್ದ. ಅಮ್ಮನದು ಒಂದೇ ಮಾತು: ಆ ಮಾವ ಇಲ್ಲದಿದ್ದರೆ ಪರದೇಶದಲ್ಲಿ ನಿಮಗೆ ಯಾರಿದ್ದರು, ದೊಡ್ಡವರಿಗೆ ಎದುರಾಡಬೇಡ, ಅಣ್ಣನಿಗೋಸ್ಕರ ಹೋಗಿ ನಿಲ್ಲು. ಕಡ್ಡಿ ಕಾರ್ಡಿನ ವಿಷಯ, ಪತ್ರದ ವಿಷಯ, ಮಾವನ ಷರತ್ತು ಎಲ್ಲವನ್ನೂ ಗಂಟಲು ಹರಿಯುವ ಹಾಗೆ ವಿವರಿಸಿದಳು. ಬಸ್ಸು ಕೊನೆಯ ಸ್ಟಾಪಿಗೆ ಬಂದು ನಿಂತದ್ದೂ ಅವಳಿಗೆ ಗೊತ್ತಾಗಲಿಲ್ಲ. ಫೋನಿಟ್ಟು ನೋಡಿದರೆ ಬಸ್ಸಿನಲ್ಲಿ ಇರುವವರು ಇಬ್ಬರೇ, ಅವಳು ಮತ್ತು ಡ್ರೈವರು. ಐವತ್ತು ದಾಟಿದ ಹೆಂಗಸು, ಎಂಜಿನ್ ಆರಿಸಿ ಹಿಂದಕ್ಕೆ ತಿರುಗಿ ಕೂತಿದ್ದಳು.

“ಕದ್ದು ಕೇಳಿದೆ ಅನ್ಬೇಡಮ್ಮ, ಇಡೀ ಬಸ್ಸಿಗೆ ಕೇಳೋ ಹಾಗೆ ಮಾತಾಡಿದ್ದು ನೀನೇ,” ಎಂದಳು ಡ್ರೈವರು, ಅಚ್ಚ ಕನ್ನಡದಲ್ಲಿ. “ಒಂದು ಕೇಳ್ತೀನಿ. ನಿನ್ನ ವೀಸಾ ಪತ್ರ ಪೂರ್ತಿ ಓದಿದೀಯಾ?”

ಓದಿದ್ದೇನೆ ಎಂದು ಬಾಯಿ ತೆರೆದ ಕಡ್ಡಿ ಹಾಗೇ ಮುಚ್ಚಿದಳು. ಮೊದಲ ಪುಟ ಓದಿದ್ದಳು, ಎರಡನೆಯ ಪುಟ ತಿರುವಿದ್ದೇ ಇಲ್ಲ. ದಪ್ಪ ದಪ್ಪ ಪಠ್ಯಪುಸ್ತಕ ಅರೆದು ಕುಡಿದವಳಿಗೆ ಎರಡು ಹಾಳೆಯ ಕಾಗದ ಓದಲು ಆಗಿರಲಿಲ್ಲ. ನಾಚಿಕೆಯಾಯಿತು.

ಬಸ್ಸು ಮತ್ತೆ ಹೊರಡಲು ಹತ್ತು ನಿಮಿಷವಿತ್ತು. ಅಷ್ಟರಲ್ಲಿ ಆ ಡ್ರೈವರು, ಕಡ್ಡಿ ಆಮೇಲೆ ಬಸ್ಸಕ್ಕ ಎಂದು ಕರೆದವಳು, ಅವಳಿಗೆ ಹೇಳಬೇಕಾದ್ದನ್ನೆಲ್ಲ ಹೇಳಿದಳು. ಕಾರ್ಡು ಯಾರ ಹೆಸರಿನಲ್ಲಿದೆಯೋ ಆ ಗಂಟೆಗಳು ಅವರವು. ಸಂಬಳದ ವಿವರ ಸರ್ಕಾರದ ಕಂಪ್ಯೂಟರಿಗೆ ಹೋಗುತ್ತದೆ. ಆದ್ದರಿಂದ ಕಿಟಕಿ ಒರೆಸುತ್ತ ಕೂತಿದ್ದ ಅಣ್ಣ, ಕಾಗದದ ಪ್ರಕಾರ, ಆರು ವಾರ ಕದ್ದು ಕೆಲಸ ಮಾಡಿದವನು. ಈಗ ಮಾವ ‘ಇವನು ಬರಲೇ ಇಲ್ಲ’ ಎಂದು ಬರೆದುಕೊಟ್ಟರೆ ಪತ್ರ ಒಂದು ಹೇಳುತ್ತದೆ, ಕಂಪ್ಯೂಟರ್ ಇನ್ನೊಂದು ಹೇಳುತ್ತದೆ. ಆಗ ಸುಳ್ಳು ದಾಖಲೆ ಕೊಟ್ಟ ತಪ್ಪೂ ಅಣ್ಣನ ಕುತ್ತಿಗೆಗೇ ಬರುತ್ತದೆ. ಇತ್ತ ಕಡ್ಡಿ ಬೇರೆಯವರ ಕಾರ್ಡಿನಲ್ಲಿ ದುಡಿದರೂ ಅದು ಅವಳ ಇಪ್ಪತ್ತು ಗಂಟೆಯನ್ನು ಮೀರಿದ್ದೇ.

ಕಡ್ಡಿ ತನ್ನ ಬಲಗೈ ನೋಡಿಕೊಂಡಳು. ಆ ಆರು ವಾರವೂ ಕಾರ್ಡು ಎತ್ತಿ ಟಿಂಗ್ ಅನ್ನಿಸಿದ ಕೈ ತನ್ನದೇ.

“ಶನಿವಾರ ನಾನು ಲೈಬ್ರರಿಯಲ್ಲಿ ಸಿಗ್ತೀನಿ, ಕೆಲಸಗಾರರ ಸಂಘದ ಮೇಜು ಅಂತ ಕೇಳು. ಅಣ್ಣನ್ನೂ ಕರ್ಕೊಂಡು ಬಾ,” ಎಂದು ಬಸ್ಸಕ್ಕ ಎಂಜಿನ್ ಶುರು ಮಾಡಿದಳು.

ಅಣ್ಣನನ್ನು ಹೊರಡಿಸಬೇಕಾದರೆ ಸಾಕುಸಾಕಾಯಿತು. ಬಸ್ ಓಡಿಸುವವರಿಗೆ ವೀಸಾ ವಿಷಯ ಏನು ಗೊತ್ತು ಎಂದ. ಲೈಬ್ರರಿಯಲ್ಲೂ ಅದೇ ರಾಗ. ಬಸ್ಸಕ್ಕ ಬೇಜಾರು ಮಾಡಿಕೊಳ್ಳಲಿಲ್ಲ. ತಾನೂ ಒಂದು ಕಾಲದಲ್ಲಿ ಓದಲು ಬಂದವಳೇ, ಹೋಟೆಲ್ ಅಡುಗೆಮನೆಯಲ್ಲಿ ಗೆಳತಿಯ ಹೆಸರಿನಲ್ಲಿ ಪಾತ್ರೆ ತೊಳೆದವಳೇ, ಎಂದು ಹೇಳಿದಳು. ಅಲ್ಲಿಯೂ ಒಬ್ಬ ಅಂಕಲ್ ಇದ್ದನಂತೆ, ಏನೂ ಆಗಲ್ಲ ಎನ್ನುತ್ತಿದ್ದನಂತೆ. ತಪಾಸಣೆ ನಡೆದ ದಿನ ಅವನು ಎರಡೂ ಕೈ ಎತ್ತಿಬಿಟ್ಟ.

“ನನ್ನ ವಾಪಸ್ ಕಳಿಸ್ದಾಗ ನಂಗೆ ಇಪ್ಪತ್ಮೂರು ವರ್ಷ. ಇಲ್ಲಿಗೆ ಮತ್ತೆ ಬರೋಷ್ಟರಲ್ಲಿ ಮೂವತ್ತೊಂದು. ಓದು ಅರ್ಧಕ್ಕೇ ನಿಂತೋಯ್ತು ಕಣಪ್ಪ. ಬಸ್ ಓಡ್ಸೋದು ನಂಗಿಷ್ಟಾನೇ, ಆದ್ರೆ ಆ ಎಂಟು ವರ್ಷ ಯಾರೂ ತಂದ್ಕೊಡ್ಲಿಲ್ಲ,” ಎಂದಳು.

ಅಣ್ಣ ತನ್ನ ಕಾಗದಗಳನ್ನು ತೆಗೆದು ಮೇಜಿನ ಮೇಲಿಟ್ಟ. ಮೇಜಿನ ಇನ್ನೊಂದು ತುದಿಯಲ್ಲಿ ಫೀಸಿಲ್ಲದೆ ಸಲಹೆ ಕೊಡುವ ವಕೀಲರೊಬ್ಬರು ಕೂತಿದ್ದರು. ಅವರು ಇಬ್ಬರ ಕಾಗದಗಳನ್ನೂ ಕನ್ನಡಕ ಏರಿಸಿ ಇಳಿಸಿ ಓದಿದರು. ಕೆಲಸ ಮಾಡಿದ್ದು ಅಣ್ಣನಲ್ಲ ಎನ್ನಲು ಏನಾದರೂ ಸಾಕ್ಷಿ ಇದೆಯೇ ಎಂದು ಕೇಳಿದರು. ಅಣ್ಣ ತಲೆಯಾಡಿಸಿದ, ಇಲ್ಲ ಎಂದು. ಕಡ್ಡಿ ಮಾತ್ರ ತುಸು ಯೋಚಿಸಿ, ಇದೆ ಎಂದಳು.

ಚೀಟಿ. ಅಣ್ಣನ ಕಾರ್ಡಿನಲ್ಲಿ ದುಡಿದ ದಿನಗಳಲ್ಲೂ ಅವಳು ಕಟ್ಟಿನ ಚೀಟಿಗೆ ತನ್ನದೇ ಸಹಿ ಹಾಕಿದ್ದಳು. ಮಾವ ಅಣ್ಣನ ಸಹಿ ಗೀಚು ಎಂದಿದ್ದ, ಇವಳು ಸೊಪ್ಪು ಹಾಕಿರಲಿಲ್ಲ. ನಾನು ಮಡಚಿದ ಚಾದರದಲ್ಲಿ ಕಲೆ ಉಳಿದರೆ ಬೈಗುಳ ಅಣ್ಣನಿಗೇಕೆ ಎಂಬುದಷ್ಟೇ ಆಗ ಅವಳ ತಲೆಯಲ್ಲಿದ್ದದ್ದು.

ವಕೀಲರು ಪೆನ್ನು ಕೆಳಗಿಟ್ಟು ಇಬ್ಬರನ್ನೂ ನೋಡಿದರು. ಆ ಚೀಟಿಗಳಿಂದ ಅಣ್ಣ ಕೆಲಸ ಮಾಡಲಿಲ್ಲವೆಂದು ತೋರಿಸಬಹುದು. ಆದರೆ ಅದೇ ಚೀಟಿಗಳು ಕಡ್ಡಿ ಗಂಟೆ ಮೀರಿದ್ದಾಳೆಂದೂ ತೋರಿಸುತ್ತವೆ. ಎಚ್ಚರಿಕೆ ಕೊಟ್ಟು ಬಿಡಬಹುದು, ವೀಸಾವೇ ಹೋಗಲೂಬಹುದು. ನಾನು ಸುಳ್ಳು ಧೈರ್ಯ ಹೇಳುವವನಲ್ಲ, ಯೋಚನೆ ಮಾಡಿ, ಎಂದರು.

ಈಗ ಅಣ್ಣ ಉಲ್ಟಾ ಹೊಡೆದ. ನಾಲ್ಕು ದಿನದ ಹಿಂದೆ ಬಾಗಿಲು ಹಾಕಿಕೊಂಡವನು, ಬೇಡವೇ ಬೇಡ, ನನ್ನ ಅರ್ಜಿ ಹೋದರೆ ಹೋಗಲಿ, ನಾನು ಊರಿಗೆ ಹೋಗುತ್ತೇನೆ, ನೀನು ಓದು, ಎಂದು ಅವಳ ಕೈ ಹಿಡಿದುಕೊಂಡ. ಅವನ ಕಣ್ಣು ತುಂಬಿತ್ತು. ಕಡ್ಡಿಗೆ ಭಯವಾಗಿರಲಿಲ್ಲ ಎಂದರೆ ಸುಳ್ಳಾಗುತ್ತದೆ.

“ಮಾಡಿದ್ದು ನಾನು, ಹೇಳೋದೂ ನಾನೇ,” ಎಂದಳು. “ಅವನು ಹೆದರಿಸ್ತಾ ಇರೋದೇ ನಾವು ಬಾಯಿ ಬಿಡಲ್ಲ ಅನ್ನೋ ಧೈರ್ಯದ ಮೇಲೆ. ಬಾಯಿ ಬಿಟ್ಟೇಬಿಡ್ತೀನಿ.”

ಸೋಮವಾರ ಮಧ್ಯಾಹ್ನ ಕಡ್ಡಿ ಲಾಂಡ್ರಿಗೆ ಹೋದಳು. ಬ್ಯಾಗಿನಲ್ಲಿ ವಕೀಲರು ಬರೆದುಕೊಟ್ಟ ಒಂದು ಪತ್ರ. ರೋಲರ್ ಓಡುತ್ತಿತ್ತು, ಬಿಸಿ ಬಟ್ಟೆಯ ವಾಸನೆ ಬಾಗಿಲ ತನಕ ಬರುತ್ತಿತ್ತು. ಗುಬ್ಬಿ ಬೇರೆ ಜೋಡಿಯ ಜೊತೆ ಚಾದರ ಹಿಡಿದು ನಿಂತಿದ್ದಳು. ಮಾವ ಇವಳನ್ನು ನೋಡಿ ಮುಖ ಅರಳಿಸಿದ, ಬಂದೆಯಾ ಮಗಳೇ ಎಂದ. ಕಡ್ಡಿ ಹೋಗಿ ಹಸಿರು ಬೋರ್ಡಿನ ಮುಂದೆ ನಿಂತಳು. ಮೊಳೆಯಿಂದ ಅಣ್ಣನ ಕಾರ್ಡು ತೆಗೆದಳು, ತನ್ನದನ್ನೂ ತೆಗೆದಳು, ಎರಡನ್ನೂ ಜೇಬಿಗೆ ಹಾಕಿಕೊಂಡಳು. ಆಮೇಲೆ ಪತ್ರ ಕೊಟ್ಟಳು. ತಾನು ಸಹಿ ಮಾಡಿದ ಆರು ವಾರದ ಚೀಟಿಗಳ ಪ್ರತಿ ಬೇಕು, ತನ್ನ ಕೆಲಸದ ದಾಖಲೆಯನ್ನು ಕೇಳುವ ಹಕ್ಕು ತನಗಿದೆ, ಮೂರು ದಿನದೊಳಗೆ ಕೊಡದಿದ್ದರೆ ಕಾರ್ಮಿಕ ಇಲಾಖೆಗೆ ದೂರು ಹೋಗುತ್ತದೆ ಎಂದು ಅದರಲ್ಲಿತ್ತು.

ಮಾವ ಮೊದಲು ಬೆಣ್ಣೆ ಹಚ್ಚಿದ. ಮನೆ ಮಾತು ಬೀದಿಗೆ ತರಬಾರದು, ನೀನು ನನ್ನ ಮಗಳ ಹಾಗೆ, ಎಂದ. ಜಾಕೆಟ್ಟಿನ ವಿಷಯ ತೆಗೆದ, ಮಾತ್ರೆಯ ವಿಷಯ ತೆಗೆದ. ಇವಳು ಜಗ್ಗಲಿಲ್ಲ. ಆಗ ಅವನ ದನಿ ಬದಲಾಯಿತು. ಫೋನನ್ನು ಕೈಗೆತ್ತಿಕೊಂಡು, ವೀಸಾ ಕಚೇರಿಗೆ ಒಂದೇ ಒಂದು ಕರೆ ಮಾಡಿದರೆ ಅಣ್ಣ ತಂಗಿ ಇಬ್ಬರೂ ಗಂಟುಮೂಟೆ ಕಟ್ಟಬೇಕಾಗುತ್ತದೆ ಎಂದ. ಇದೇ ಮಾತಿಗೆ ಆ ಲಾಂಡ್ರಿಯಲ್ಲಿ ಎಷ್ಟೋ ಮಕ್ಕಳು ತುಟಿ ಪಿಟಕ್ಕೆನ್ನದೆ ವಾಪಸ್ ಹೋಗಿ ಚಾದರ ಹಿಡಿದಿದ್ದರು.

“ಮಾಡಿ,” ಎಂದಳು ಕಡ್ಡಿ. “ನಂಬರ್ ಬೇಕಾದ್ರೆ ನಾನೇ ಕೊಡ್ತೀನಿ. ಈ ವಾರದಲ್ಲೇ ನಾನು ಅಲ್ಲಿಗೆ ಎಲ್ಲಾನೂ ಬರೆದು ಕಳಿಸ್ತಾ ಇದೀನಿ. ಆ ಕಾರ್ಡನ್ನ ನನ್ನ ಕೈಗೆ ಕೊಟ್ಟಿದ್ದು ಯಾರು ಅಂತಾನೂ ಬರೀತೀನಿ. ಇಷ್ಟು ದಿನ ಮಾವ ಅಂದೆ, ಸಾರ್. ಇನ್ಮೇಲೆ ಸಾರ್ ಅಂತೀನಿ.”

ಅವನು ಫೋನನ್ನು ಕಿವಿಗಿಡಲಿಲ್ಲ. ಹಿಡಿದುಕೊಂಡೇ ನಿಂತ. ಮಡಚುವ ಮೇಜಿನ ಹತ್ತಿರ ಗುಬ್ಬಿ ಚಾದರದ ಎರಡು ಮೂಲೆಗಳನ್ನು ಕೈಬಿಟ್ಟಳು. ಬಿಳಿ ಬಟ್ಟೆ ನೆಲಕ್ಕೆ ಬಿತ್ತು. ಅವಳು ನೇರವಾಗಿ ಬಂದು ಬೋರ್ಡಿನಿಂದ ತನ್ನ ಕಾರ್ಡು ತೆಗೆದುಕೊಂಡಳು. ಅವಳ ಹಿಂದೆ ಇನ್ನೂ ನಾಲ್ವರು ಬಂದರು. ಎಲ್ಲರೂ ಬಂದರು ಎಂದು ಹೇಳಿ ನಿಮ್ಮನ್ನು ಖುಷಿಪಡಿಸಲಾರೆ, ಉಳಿದವರು ನೆಲ ನೋಡುತ್ತ ನಿಂತಿದ್ದರು. ಆದರೂ ಐದು ಮೊಳೆ ಅಲ್ಲ, ಕಡ್ಡಿ ಮತ್ತು ಅವಳಣ್ಣನದೂ ಸೇರಿ ಏಳು ಮೊಳೆ ಅವತ್ತು ಖಾಲಿಯಾದವು.

ಎರಡನೆಯ ದಿನವೇ ಚೀಟಿಗಳ ಪ್ರತಿ ಬಂತು. ಮೊದಲು ಕಾಲೇಜಿನ ವಿದೇಶಿ ವಿದ್ಯಾರ್ಥಿಗಳ ವಿಭಾಗಕ್ಕೆ ಹೋಗಿ ಕಡ್ಡಿ ಎಲ್ಲವನ್ನೂ ಒಪ್ಪಿಕೊಂಡಳು. ಆಮೇಲೆ ವಕೀಲರ ಮೂಲಕ ವೀಸಾ ಕಚೇರಿಗೆ ಇಬ್ಬರ ಪತ್ರಗಳೂ ಹೋದವು. ಅಮ್ಮನಿಗೆ ಫೋನಿನಲ್ಲಿ ಅಣ್ಣನೇ ಹೇಳಿದ. ಅಮ್ಮ, ಮಗಳನ್ನು ಹೆದರಿಸಿ ದುಡಿಸಿಕೊಳ್ಳುವವನ ಹತ್ತಿರ ಹೋಗಿ ನಿಲ್ಲು ಎಂದು ನಾನೇ ಹೇಳಿದೆನಲ್ಲ ಎಂದು ಅತ್ತಳು. ಅವತ್ತಿನಿಂದ ಅಮ್ಮನೂ ಅವನನ್ನು ಮಾವ ಎನ್ನುವುದು ಬಿಟ್ಟಳು, ‘ಆ ಮನುಷ್ಯ’ ಎನ್ನತೊಡಗಿದಳು.

ಒಂಬತ್ತು ವಾರ ಇಬ್ಬರೂ ಪ್ರತಿದಿನ ಟಪಾಲು ಡಬ್ಬಿ ನೋಡಿದರು. ಮೊದಲು ಬಂದದ್ದು ಅಣ್ಣನ ಅನುಮತಿ. ಸೇತುವೆ ಕಂಪನಿಯವರು ಪುಣ್ಯಕ್ಕೆ ಕಾದಿದ್ದರು. ಮೂರು ದಿನ ಬಿಟ್ಟು ಕಡ್ಡಿಯದು ಬಂತು. ಕಠಿಣ ಎಚ್ಚರಿಕೆ, ಇನ್ನೊಂದು ಸಲ ತಪ್ಪಿದರೆ ವೀಸಾ ರದ್ದು, ಮುಂದಿನ ಆರು ತಿಂಗಳು ಯಾವ ಕೆಲಸವನ್ನೂ ಮಾಡುವಂತಿಲ್ಲ. ಆದರೆ ಓದು ಮುಂದುವರಿಸಬಹುದು. ಕಡ್ಡಿ ಈ ಸಲ ಎರಡೂ ಪುಟ ಓದಿದಳು, ಕೊನೆಯ ಸಾಲಿನ ಸಣ್ಣಕ್ಷರವನ್ನೂ ಬಿಡಲಿಲ್ಲ. ಆಮೇಲೆ ಅಣ್ಣ ತಂಗಿ ಅಡುಗೆಮನೆಯ ನೆಲದಲ್ಲೇ ಕೂತು ನಕ್ಕರು, ಅತ್ತರು.

ಈಗ ಶನಿವಾರಗಳಂದು ಲೈಬ್ರರಿಯ ಆ ಮೇಜಿನಲ್ಲಿ ಬಸ್ಸಕ್ಕನ ಪಕ್ಕ ಕಡ್ಡಿಯೂ ಸಂಬಳವಿಲ್ಲದೆ ಕೂರುತ್ತಾಳೆ. ಸುಮ್ಮನೆ ಕೂರಲಿಲ್ಲ, ಹಾಗೆ ಕೂರುವುದು ತನ್ನ ಪತ್ರದ ಪ್ರಕಾರ ಕೆಲಸವೆಂದು ಆಗುವುದಿಲ್ಲ ಎಂದು ಕಾಲೇಜಿನಲ್ಲಿ ಮೊದಲೇ ಬರೆಸಿಕೊಂಡೇ ಕೂತಳು. ಅಣ್ಣ ಅದಕ್ಕೆ ಇವತ್ತಿಗೂ ರೇಗಿಸುತ್ತಾನೆ.

ಓದಲು ಹೋದ ಮಕ್ಕಳೇ, ಓದು ಮುಗಿಸಿ ಕೆಲಸಕ್ಕೆ ಕಾಯುತ್ತಿರುವವರೇ, ಅವರನ್ನು ಕಳಿಸಿಕೊಟ್ಟ ಅಪ್ಪ ಅಮ್ಮಂದಿರೇ, ಈಗ ನಿಮ್ಮ ಹತ್ತಿರ ನೇರ ಮಾತು. ಕಡ್ಡಿಯ ಇಪ್ಪತ್ತು ಗಂಟೆ ನಿಮ್ಮದಾಗಿರಲಿಕ್ಕಿಲ್ಲ. ದೇಶಕ್ಕೊಂದು ನಿಯಮ, ವೀಸಾಕ್ಕೊಂದು ನಿಯಮ, ನಡುವೆ ಬದಲಾಗುವುದೂ ಉಂಟು. ನಿಮ್ಮ ಪತ್ರದಲ್ಲಿ ಏನಿದೆಯೋ ಅದೇ ನಿಮಗೆ ಅನ್ವಯ, ಅದನ್ನು ಕೊನೆಯ ಸಾಲಿನ ತನಕ ಓದಿ. ವಾರ ಯಾವ ದಿನದಿಂದ ಶುರು, ರಜೆಯಲ್ಲಿ ಎಷ್ಟು ಗಂಟೆ, ಎರಡು ಕಡೆ ದುಡಿದರೆ ಹೇಗೆ ಕೂಡಿಸುತ್ತಾರೆ, ಓದು ಮುಗಿದ ಮರುದಿನದಿಂದ ಏನು ಬದಲಾಗುತ್ತದೆ, ಎಲ್ಲವನ್ನೂ ಕಾಲೇಜಿನ ಕಚೇರಿಯಲ್ಲಿ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಕೈಗೆ ನಗದು ಕೊಟ್ಟರೂ ಗಂಟೆ ಗಂಟೆಯೇ. ಮಾಲೀಕರ ಕೈಗೆ ಪಾಸ್‌ಪೋರ್ಟ್ ಕೊಟ್ಟು ಬರಬೇಡಿ. ತಪ್ಪು ಆಗಿಹೋಗಿದ್ದರೆ ಮುಚ್ಚಿಡಬೇಡಿ, ತಡಮಾಡದೆ ವೀಸಾ ಕಾನೂನು ತಿಳಿದ ವಕೀಲರನ್ನು ಕಾಣಿ. ಎಲ್ಲರಿಗೂ ಕಡ್ಡಿಗಾದ ಹಾಗೇ ಆಗುತ್ತದೆಂದು ನಾನು ಮಾತು ಕೊಡಲಾರೆ. ಒಂದು ಕರೆ ಮಾಡಿದರೆ ಸಾಕು ಎಂದು ಯಾರಾದರೂ ಹೆದರಿಸಿದರೆ ತಲೆ ತಗ್ಗಿಸಬೇಡಿ. ಓದಲು ಬಂದವರು ಎಂದ ಮಾತ್ರಕ್ಕೆ ನೀವು ಯಾರ ಜೀತದವರೂ ಅಲ್ಲ.

ಮೊನ್ನೆ ಒಬ್ಬ ಹೊಸ ಹುಡುಗಿ ಆ ಮೇಜಿಗೆ ಬಂದು, ಅಕ್ಕಾ, ನಮ್ಮ ಅಂಗಡಿಯ ಅಂಕಲ್ ಬಹಳ ಒಳ್ಳೆಯವರು, ಏನೋ ಸ್ವಲ್ಪ ಅಡ್ಜಸ್ಟ್ ಮಾಡಿಕೋ ಅಂತಾರೆ, ಎಂದು ಶುರು ಮಾಡಿದಳು. ಕಡ್ಡಿ ಅವಳ ಮಾತನ್ನು ಪೂರ್ತಿ ಕೇಳಿದಳು. ಆಮೇಲೆ ಒಂದೇ ಪ್ರಶ್ನೆ ಕೇಳಿದಳು, ಅದನ್ನೇ ನಾನು ನಿಮಗೂ ಕೇಳುತ್ತಿದ್ದೇನೆ.

“ನಿನ್ನ ಕಾರ್ಡು ಈಗ ಎಲ್ಲಿದೆ? ಎದ್ದು ಹೋಗಿ ಮೊದಲು ಅದನ್ನ ತಗೊಂಡು ಬಾ.”